ತಪ್ಪು ಹುಡುಕುವ ಓದು: ತಂತ್ರಾಂಶಕಾರರ ಓದಿನ ವಿಧಾನಗಳೂ ಕನ್ನಡ ವಿದ್ಯಾರ್ಥಿಯೂ

ಜಗತ್ತಿನ ಲಿಪಿಗಳನ್ನೆಲ್ಲ ಗಣಕಕ್ಕೆ ತಿಳಿಯುವಂತೆ ಸಂಖ್ಯೆಗಳಾಗಿ ಜೋಡಿಸಿಟ್ಟಿರುವ ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಒಂದು ಸಂಖ್ಯೆಯೂ ಒಂದು ಇಂಗ್ಲಿಷ್ ಹೆಸರೂ ಇವೆ. ಹಳಗನ್ನಡದ ‘ೞ’ ಅಕ್ಷರಕ್ಕೆ ಅಲ್ಲಿ ದೊರೆತಿರುವ ಹೆಸರು ‘ಕನ್ನಡ ಲೆಟರ್ ಫಾ’. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ರಳವೆಂದು ಕರೆದು, ಕುಳ ಮತ್ತು ಕ್ಷಳಗಳಿಂದ ಬೇರ್ಪಡಿಸಿ ತೋರಿಸಿದ ಈ ವರ್ಣಕ್ಕೂ ಫಕಾರಕ್ಕೂ ಯಾವ ಸಂಬಂಧವೂ ಇಲ್ಲ. ತಪ್ಪು ಆಮೇಲೆ ಗಮನಕ್ಕೆ ಬಂದಿತು. ಆದರೆ ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ವ್ಯವಸ್ಥೆಯ ನಿಯಮ. ಆ ಹೆಸರನ್ನು ನಂಬಿಕೊಂಡು ಬರೆದ ತಂತ್ರಾಂಶಗಳು ಕೆಡಬಾರದೆಂಬುದು ಅದರ ಉದ್ದೇಶ. ಆದ್ದರಿಂದ ‘ಇದು ತಪ್ಪು ಹೆಸರು’ ಎಂಬ ಟಿಪ್ಪಣಿಯನ್ನೂ ಸರಿಯಾದ ಇನ್ನೊಂದು ಹೆಸರನ್ನೂ ಪಕ್ಕದಲ್ಲಿ ಸೇರಿಸಿ, ಮೂಲದ ತಪ್ಪನ್ನು ಹಾಗೆಯೇ ಉಳಿಸಿಕೊಳ್ಳಲಾಗಿದೆ.

ಹೊಸೂರು, ಕೃಷ್ಣಗಿರಿ ಸೀಮೆಯ ಕನ್ನಡ ವಿದ್ಯಾರ್ಥಿಗೆ ಈ ಅಕ್ಷರ ಅಪರಿಚಿತವಲ್ಲ. ಹಳಗನ್ನಡದ ‘ಮೞೆ’, ‘ಏೞು’, ‘ಬಾೞ್’ ಪದಗಳಲ್ಲಿರುವ ಧ್ವನಿಯ ಒಡಹುಟ್ಟು ಧ್ವನಿ ತಮಿಳಿನಲ್ಲಿ ಇಂದಿಗೂ ಜೀವಂತವಾಗಿದೆ. ‘ತಮಿೞ್’ ಎಂಬ ಹೆಸರೇ ಅದರಲ್ಲಿ ಕೊನೆಗೊಳ್ಳುತ್ತದೆ. ಅವಲಪಲ್ಲಿಯಿಂದ ಹೊಸೂರಿಗೆ ಬರುವ ವಿದ್ಯಾರ್ಥಿ ದಾರಿಯ ನಾಮಫಲಕಗಳಲ್ಲಿ ಅದನ್ನು ದಿನವೂ ಕಾಣುತ್ತಾನೆ. ಪದವಿ ತರಗತಿಯ ಒಬ್ಬ ವಿದ್ಯಾರ್ಥಿ ಗುರುತಿಸಬಹುದಾದ ತಪ್ಪು, ತಜ್ಞರ ವ್ಯವಸ್ಥೆಯೊಂದರಲ್ಲಿ ಶಾಶ್ವತವಾಗಿ ಉಳಿದುಹೋಗಿದೆ. ಬರೆದದ್ದನ್ನು ಜಾರಿಗೆ ತರುವ ಮೊದಲು ಯಾರು ಓದಬೇಕು, ಯಾವ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟು ಓದಬೇಕು ಎಂಬುದು ತಂತ್ರಾಂಶ ಕ್ಷೇತ್ರದಲ್ಲಿ ಏಕೆ ಒಂದು ಶಾಸ್ತ್ರವಾಗಿ ಬೆಳೆಯಿತು ಎಂಬುದನ್ನು ತಿಳಿಯಲು ಈ ಒಂದು ಅಕ್ಷರ ಸಾಕು.

1. ತಂತ್ರಾಂಶವೂ ಒಂದು ಪಠ್ಯ

ತಂತ್ರಾಂಶವೆಂದರೆ ಗಣಕದ ಭಾಷೆಯಲ್ಲಿ ಬರೆದ ಕೋಡ್ ಮಾತ್ರವೆಂಬ ಭಾವನೆ ಸಾಮಾನ್ಯ. ವಾಸ್ತವದಲ್ಲಿ ಕೋಡಿಗೆ ಮೊದಲು ಇನ್ನೆರಡು ಬರಹಗಳು ಹುಟ್ಟುತ್ತವೆ. ಏನು ಬೇಕು ಎಂಬುದನ್ನು ಮನುಷ್ಯರ ಭಾಷೆಯಲ್ಲಿ ಹೇಳುವ ಅಗತ್ಯಪತ್ರ ಮೊದಲನೆಯದು. ಅದನ್ನು ಹೇಗೆ ಕಟ್ಟಬೇಕು ಎಂಬುದನ್ನು ತಿಳಿಸುವ ವಿನ್ಯಾಸಪತ್ರ ಎರಡನೆಯದು. ಕೋಡ್ ಮೂರನೆಯದು. ಅಗತ್ಯಪತ್ರದ ಒಂದು ವಾಕ್ಯ ಎರಡು ಅರ್ಥ ಕೊಟ್ಟರೆ, ವಿನ್ಯಾಸಕಾರ ಒಂದನ್ನೂ ಕೋಡ್ ಬರೆಯುವವನು ಇನ್ನೊಂದನ್ನೂ ಹಿಡಿಯಬಹುದು. ತಪ್ಪು ಹೀಗೆ ಕೆಳಗಿಳಿದಷ್ಟೂ ಅದನ್ನು ತಿದ್ದುವ ವೆಚ್ಚ ಏರುತ್ತದೆ.

ಐಬಿಎಂ ಸಂಸ್ಥೆಯ ಮೈಕೆಲ್ ಫೇಗನ್ 1976ರಲ್ಲಿ ಪ್ರಕಟಿಸಿದ ಲೇಖನವೊಂದು ಈ ಓದಿಗೆ ಕ್ರಮಬದ್ಧ ರೂಪ ಕೊಟ್ಟಿತು. ಕೆಲವೇ ಮಂದಿಯ ಒಂದು ತಂಡ ಬರಹವನ್ನು ಮೊದಲು ಒಬ್ಬೊಬ್ಬರಾಗಿ ಓದಿ, ಆಮೇಲೆ ಒಟ್ಟಿಗೆ ಕುಳಿತು ದೋಷಗಳನ್ನು ದಾಖಲಿಸಬೇಕು. ದೋಷವನ್ನು ಗುರುತಿಸುವುದಷ್ಟೇ ಸಭೆಯ ಕೆಲಸ. ಪರಿಹಾರ ಬರೆದವನ ಹೊಣೆ. ಆದರೆ ಒಬ್ಬೊಬ್ಬರಾಗಿ ಓದುವಾಗ ಹೇಗೆ ಓದಬೇಕು ಎಂಬ ಪ್ರಶ್ನೆ ಉಳಿಯಿತು. 1985ರಲ್ಲಿ ಡೇವಿಡ್ ಪಾರ್ನಸ್ ಮತ್ತು ಡೇವಿಡ್ ವೈಸ್ ಅದಕ್ಕೆ ಒಂದು ದಾರಿ ತೋರಿಸಿದರು. ‘ಇದು ಸರಿಯಾಗಿದೆಯೇ?’ ಎಂದು ಕೇಳಿದರೆ ಓದುಗ ತಲೆಯಾಡಿಸಿಬಿಡುತ್ತಾನೆ. ಪತ್ರವನ್ನು ಬಳಸದೆ ಉತ್ತರಿಸಲಾಗದ ಪ್ರಶ್ನೆಗಳನ್ನು ಕೇಳಬೇಕು ಎಂಬುದು ಅವರ ಸಲಹೆಯ ಸಾರ. ‘ಅರ್ಥವಾಯಿತೇ?’ ಎಂಬ ಪ್ರಶ್ನೆಗೆ ತರಗತಿ ಒಕ್ಕೊರಲಿನಿಂದ ಕೊಡುವ ಉತ್ತರವನ್ನು ಬಲ್ಲವರಿಗೆ ಈ ಸಲಹೆಯ ಬೆಲೆ ತಿಳಿಯುತ್ತದೆ.

ಕನ್ನಡ ವಿದ್ಯಾರ್ಥಿಗೆ ಇಂತಹ ಓದು ಹೊಸದಲ್ಲ. ಡಿ.ಎಲ್. ನರಸಿಂಹಾಚಾರ್, ಎಂ.ಎಂ. ಕಲಬುರ್ಗಿ ಮೊದಲಾದವರು ಶಾಸ್ತ್ರವಾಗಿ ನಿರೂಪಿಸಿದ ಗ್ರಂಥಸಂಪಾದನೆಯ ಮೂಲ ಕೆಲಸವೇ ತಪ್ಪು ಹುಡುಕುವ ಓದು. ಲಿಪಿಕಾರನ ಕಣ್ಣು ಒಂದು ಸಾಲಿನಿಂದ ಇನ್ನೊಂದಕ್ಕೆ ಹಾರಿತೇ, ಪಕಾರ ವಕಾರಗಳು ಅದಲುಬದಲಾದವೇ, ಹ್ರಸ್ವ ದೀರ್ಘಗಳ ಗುರುತಿಲ್ಲದ ಓಲೆಯಲ್ಲಿ ‘ಎ’ ಓದಬೇಕೋ ‘ಏ’ ಓದಬೇಕೋ ಎಂಬ ಪ್ರಶ್ನೆಗಳೊಂದಿಗೆ ಸಂಪಾದಕನು ಓದುತ್ತಾನೆ. ತಂತ್ರಾಂಶಕಾರನ ಓದಿನ ವಿಧಾನಗಳನ್ನು ಈ ಪರಿಚಿತ ನೆಲದ ಮೇಲೆ ನಿಂತು ನೋಡುವುದು ಸುಲಭ.

2. ಅಭ್ಯಾಸಕ್ಕೊಂದು ಪಠ್ಯ

ಅಭ್ಯಾಸಕ್ಕಾಗಿ ಒಂದು ಚಿಕ್ಕ ಅಗತ್ಯಪತ್ರವನ್ನು ಕಲ್ಪಿಸಿಕೊಳ್ಳೋಣ. ಅವಲಪಲ್ಲಿಯ ಸುತ್ತಲಿನ ಓದುಗರಿಗಾಗಿ ನಡೆಯುವ ಒಂದು ಸಣ್ಣ ಗ್ರಂಥಾಲಯಕ್ಕೆ ತಂತ್ರಾಂಶ ಬೇಕಾಗಿದೆ. ಅದರ ಅಗತ್ಯಗಳು ಹೀಗಿವೆ:

(ಅ) ಪುಸ್ತಕದ ಹೆಸರನ್ನು ಕನ್ನಡ, ತಮಿಳು, ತೆಲುಗು ಅಥವಾ ಇಂಗ್ಲಿಷಿನಲ್ಲಿ ದಾಖಲಿಸಬಹುದು.
(ಆ) ಪುಸ್ತಕದ ಹೆಸರು 40 ಅಕ್ಷರಗಳನ್ನು ಮೀರಬಾರದು.
(ಇ) ಹೆಸರಿನ ಮೊದಲ ಕೆಲವು ಅಕ್ಷರಗಳನ್ನು ಟೈಪು ಮಾಡಿದೊಡನೆ ಹೊಂದಿಕೆಯಾಗುವ ಪುಸ್ತಕಗಳ ಪಟ್ಟಿ ಕಾಣಬೇಕು.
(ಈ) ಪಟ್ಟಿ ಅಕಾರಾದಿ ಕ್ರಮದಲ್ಲಿರಬೇಕು.
(ಉ) ಪುಸ್ತಕವನ್ನು 15 ದಿನಗಳ ಅವಧಿಗೆ ಎರವಲು ಕೊಡಲಾಗುವುದು. ಅವಧಿ ಮೀರಿದರೆ ದಿನಕ್ಕೆ 1 ರೂಪಾಯಿ ದಂಡ.
(ಊ) ಹದಿನೈದನೆಯ ದಿನ ಪುಸ್ತಕ ಹಿಂತಿರುಗಿಸದವರ ಹೆಸರು ದಂಡದ ಪಟ್ಟಿಗೆ ಸೇರಬೇಕು.
(ಋ) ಓದುಗರು ತಮ್ಮ ಊರಿನ ಹೆಸರನ್ನು ಕೊಡಬೇಕು. ಒಂದೇ ಊರಿನವರನ್ನು ಒಂದು ಗುಂಪಾಗಿ ತೋರಿಸಬೇಕು.

ಮುಂದೆ ಓದುವ ಮೊದಲು ವಿದ್ಯಾರ್ಥಿಗಳು ಪೆನ್ಸಿಲು ಹಿಡಿದು, ಈ ಏಳು ವಾಕ್ಯಗಳಲ್ಲಿ ತಮಗೆ ಕಾಣುವ ದೋಷಗಳನ್ನು ಗುರುತಿಸಿಕೊಳ್ಳುವುದು ಒಳ್ಳೆಯದು. ಮೇಲ್ನೋಟಕ್ಕೆ ಎಲ್ಲವೂ ಸರಳ, ಸ್ಪಷ್ಟ.

3. ನಾಲ್ಕು ಬಗೆಯ ಓದು

*ನಿಯಮವಿಲ್ಲದ ಓದು.* ಯಾವ ಸೂಚನೆಯೂ ಇಲ್ಲದೆ, ತನ್ನ ಅನುಭವವನ್ನೇ ನಂಬಿ ಮೊದಲಿಂದ ಕೊನೆಯವರೆಗೆ ಓದುವುದು ಇದರ ಕ್ರಮ. ಅನುಭವಿಯ ಕೈಯಲ್ಲಿ ಇದು ಹರಿತವಾದ ಆಯುಧ. ಹೊಸಬನ ಕಣ್ಣು ಕಾಗುಣಿತದ ಮೇಲೆಯೇ ನಿಲ್ಲುತ್ತದೆ. ತಂಡದ ಮೂವರೂ ಹೀಗೆ ಓದಿದರೆ ಮೂವರೂ ಕಣ್ಣಿಗೆ ಮೊದಲು ಬಿದ್ದ ಅದೇ ದೋಷಗಳನ್ನು ಬರೆದುತರುವ ಸಂಭವವೂ ಉಂಟು.

*ಚೆಕ್‌ಲಿಸ್ಟ್ ಹಿಡಿದ ಓದು.* ಹಿಂದಿನ ಕೆಲಸಗಳಲ್ಲಿ ಕಂಡ ದೋಷಗಳಿಂದ ಪ್ರಶ್ನೆಗಳ ಪಟ್ಟಿಯೊಂದನ್ನು ಮಾಡಿಟ್ಟುಕೊಂಡು, ಒಂದೊಂದನ್ನೂ ಪಠ್ಯಕ್ಕೆ ಹಚ್ಚಿ ನೋಡುವುದು. ‘ಯಾವುದಾದರೂ ಎರಡು ವಾಕ್ಯಗಳು ಪರಸ್ಪರ ವಿರುದ್ಧವಾಗಿವೆಯೇ?’ ಎಂಬ ಪ್ರಶ್ನೆ (ಉ) ಮತ್ತು (ಊ) ವಾಕ್ಯಗಳ ಮುಂದೆ ನಿಲ್ಲುತ್ತದೆ. ಅವಧಿ 15 ದಿನಗಳಾದರೆ ಹದಿನೈದನೆಯ ದಿನ ಮುಗಿಯುವವರೆಗೂ ಓದುಗನಿಗೆ ಹಕ್ಕಿದೆ. ಅಂದೇ ಅವನ ಹೆಸರು ದಂಡದ ಪಟ್ಟಿಗೆ ಹೇಗೆ ಸೇರಬೇಕು? ಪುಸ್ತಕ ಕೊಟ್ಟ ದಿನವೂ ಎಣಿಕೆಗೆ ಸೇರುತ್ತದೆಯೇ? ಜೂನ್ 1ರಂದು ಕೊಟ್ಟ ಪುಸ್ತಕಕ್ಕೆ ಕೊನೆಯ ದಿನ ಜೂನ್ 15 ಆಗಬಹುದು, 16 ಆಗಬಹುದು. ಇಂತಹ ದೋಷಗಳಿಗೆ ಪಟ್ಟಿ ಒಳ್ಳೆಯ ಬಲೆ. ಆದರೆ ‘ಎಲ್ಲ ಪದಗಳೂ ಸ್ಪಷ್ಟವಾಗಿವೆಯೇ?’ ಎಂಬ ಪ್ರಶ್ನೆಗೆ ಓದುಗ ‘ಹೌದು’ ಎಂದು ಗುರುತು ಹಾಕಿ ಮುಂದೆ ಹೋಗಿಬಿಡಬಹುದು. ‘ಅಕ್ಷರ’ ಎಂಬ ಪದ ಯಾರಿಗೆ ತಾನೇ ತಿಳಿಯದು?

*ದೃಷ್ಟಿಕೋನದ ಓದು.* ಇಲ್ಲಿ ತಂಡದ ಪ್ರತಿಯೊಬ್ಬನೂ ಆ ಪತ್ರವನ್ನು ಮುಂದೆ ಬಳಸಲಿರುವ ಒಬ್ಬರ ಸ್ಥಾನದಲ್ಲಿ ಕುಳಿತು ಓದುತ್ತಾನೆ. ಒಬ್ಬ ವಿನ್ಯಾಸಕಾರನಾಗಿ, ಒಬ್ಬ ಪರೀಕ್ಷಕನಾಗಿ, ಒಬ್ಬ ಬಳಕೆದಾರನಾಗಿ ಓದಬೇಕು. ಸುಮ್ಮನೆ ಓದದೆ, ಆ ಸ್ಥಾನದ ಕೆಲಸವನ್ನು ಸ್ವಲ್ಪಮಟ್ಟಿಗೆ ಮಾಡಿಯೇ ನೋಡಬೇಕು.

ಪರೀಕ್ಷಕನು (ಆ) ವಾಕ್ಯಕ್ಕೆ ಪರೀಕ್ಷೆ ಬರೆಯಲು ಕುಳಿತನೆಂದು ಭಾವಿಸಿ. ಸರಿಯಾಗಿ 40 ಅಕ್ಷರಗಳ ಒಂದು ಹೆಸರು, 41 ಅಕ್ಷರಗಳ ಇನ್ನೊಂದು ಹೆಸರು ಅವನಿಗೆ ಬೇಕು. ಎಣಿಸತೊಡಗಿದೊಡನೆ ಅವನ ಲೇಖನಿ ನಿಲ್ಲುತ್ತದೆ. ‘ಲಕ್ಷ್ಮಿ’ ಎಂಬಲ್ಲಿ ಎಷ್ಟು ಅಕ್ಷರ? ಬರವಣಿಗೆಯ ಲೆಕ್ಕದಲ್ಲಿ ಎರಡು: ‘ಲ’ ಮತ್ತು ‘ಕ್ಷ್ಮಿ’. ವ್ಯಾಕರಣದ ವರ್ಣಗಳ ಲೆಕ್ಕದಲ್ಲಿ ಆರು: ಲ್, ಅ, ಕ್, ಷ್, ಮ್, ಇ. ಯೂನಿಕೋಡ್ ಸಂಕೇತಗಳ ಲೆಕ್ಕದಲ್ಲಿ ಏಳು: ಲ, ಕ, ವಿರಾಮಚಿಹ್ನೆ, ಷ, ಮತ್ತೊಂದು ವಿರಾಮಚಿಹ್ನೆ, ಮ, ಗುಡಿಸು. ಛಂದಸ್ಸಿನವನಾದರೆ ಒಂದು ಗುರು, ಒಂದು ಲಘು ಎಂದು ಮೂರು ಮಾತ್ರೆಗಳನ್ನು ಎಣಿಸುತ್ತಾನೆ. ನಾಲ್ವರೂ ತಪ್ಪಿಲ್ಲ. ಪತ್ರ ಯಾರ ಲೆಕ್ಕವನ್ನು ಹೇಳುತ್ತಿದೆ ಎಂಬುದೇ ಅಸ್ಪಷ್ಟ. ಕೋಡ್ ಬರೆಯುವವನು ಯಂತ್ರದ ಲೆಕ್ಕವನ್ನು ಹಿಡಿದರೆ, ಒತ್ತಕ್ಷರಗಳು ಹೆಚ್ಚಿರುವ ಕನ್ನಡ ಹೆಸರು ಅರ್ಧಕ್ಕೇ ಕತ್ತರಿಸಿಹೋಗುತ್ತದೆ. ಅಷ್ಟೇ ಉದ್ದದ ಇಂಗ್ಲಿಷ್ ಹೆಸರು ಪೂರ್ತಿಯಾಗಿ ಉಳಿಯುತ್ತದೆ.

ದೃಷ್ಟಿಕೋನದ ಓದಿನ ಗುಟ್ಟು ಇದೇ: ಓದುಗನಿಗೆ ಕೆಲಸ ಕೊಟ್ಟರೆ, ಕೆಲಸ ನಿಂತಲ್ಲಿ ದೋಷ ಸಿಗುತ್ತದೆ. ಹಳಗನ್ನಡ ಪದ್ಯವನ್ನು ಸುಮ್ಮನೆ ಓದಿದಾಗ ಕಾಣದ ಪಾಠದೋಷ, ಪ್ರಸ್ತಾರ ಹಾಕಿ ಗಣವಿಭಾಗ ಮಾಡತೊಡಗಿದಾಗ ಒಂದು ಮಾತ್ರೆಯ ಕೊರತೆಯಾಗಿ ಎದುರು ನಿಲ್ಲುವುದನ್ನು ವಿದ್ಯಾರ್ಥಿಗಳು ಕಂಡಿದ್ದಾರೆ.

ವಿನ್ಯಾಸಕಾರನಾಗಿ ಓದುವವನು (ಈ) ವಾಕ್ಯದಲ್ಲಿ ಎಡವುತ್ತಾನೆ. ಅಕಾರಾದಿ ಎಂದರೆ ಯಾವ ಕ್ರಮ? ಯೂನಿಕೋಡಿನ ಸಂಖ್ಯೆಗಳ ಕ್ರಮವನ್ನೇ ಬಳಸಿದರೆ ಳಕಾರ ಲಕಾರದ ಬೆನ್ನಿಗೆ, ವಕಾರಕ್ಕೂ ಮೊದಲು ಬರುತ್ತದೆ. ‘ಹಳ್ಳಿ’ ಎಂಬುದು ‘ಹಸಿರು’ ಎಂಬುದಕ್ಕಿಂತ ಮೊದಲಾಗುತ್ತದೆ. ಕನ್ನಡ ವರ್ಣಮಾಲೆಯಲ್ಲಿ ಳಕಾರ ಹಕಾರದ ನಂತರ ಬರುವುದರಿಂದ ನಮ್ಮ ಕ್ರಮದಲ್ಲಿ ‘ಹಸಿರು’ ಮೊದಲು. ಅನುಸ್ವಾರವಿರುವ ‘ಅಂಕ’ ಎಲ್ಲಿ ಕೂರಬೇಕು? ಮರಾಠಿ ವರ್ಣಮಾಲೆಯ ಕೊನೆಯಲ್ಲಿ ಕ್ಷ, ಜ್ಞ ಸ್ವತಂತ್ರ ಅಕ್ಷರಗಳಂತೆ ಕುಳಿತಿರುತ್ತವೆ; ಕನ್ನಡ ನಿಘಂಟುಗಳಲ್ಲಿ ‘ಕ್ಷಮೆ’ ಕಕಾರದಡಿಯಲ್ಲಿಯೇ ಸಿಗುತ್ತದೆ. ನಾಲ್ಕು ಭಾಷೆಗಳ ಹೆಸರುಗಳು ಒಂದೇ ಪಟ್ಟಿಯಲ್ಲಿದ್ದರೆ ಯಾವ ಭಾಷೆ ಮೊದಲು? ಒಂದು ಪದದ ಹಿಂದೆ ಇಷ್ಟು ನಿರ್ಧಾರಗಳು ಅಡಗಿವೆ.

ಗ್ರಂಥಪಾಲಕನಾಗಿ ಓದುವವನು ಪತ್ರದಲ್ಲಿ ಇಲ್ಲದ್ದನ್ನು ಕಾಣುತ್ತಾನೆ. ಪುಸ್ತಕ ಕಳೆದುಹೋದರೆ ಏನು? ಒಂದೇ ಪುಸ್ತಕದ ಎರಡು ಪ್ರತಿಗಳಿದ್ದರೆ? ಅವಧಿಯನ್ನು ವಿಸ್ತರಿಸಬಹುದೇ? ಬರೆದದ್ದರಲ್ಲಿರುವ ತಪ್ಪಿಗಿಂತ ಬರೆಯದೆ ಬಿಟ್ಟದ್ದನ್ನು ಗುರುತಿಸುವುದು ಕಷ್ಟ. ಸಾಲು ಬಿಟ್ಟುಹೋದ ಓಲೆಪ್ರತಿಯಲ್ಲಿ ಅರ್ಥದ ಕೊಂಡಿ ಕಳಚಿದ ಜಾಗವನ್ನು ಹಿಡಿದು ಲೋಪವನ್ನು ಊಹಿಸುವ ಸಂಪಾದಕನ ಶ್ರಮವೂ ಇಂಥದೇ.

*ಬಳಕೆಯ ಓದು.* ಇಲ್ಲಿ ಮೊದಲು ತಂತ್ರಾಂಶದ ಮುಖ್ಯ ಬಳಕೆಗಳನ್ನು ಬಳಕೆದಾರನಿಗೆ ಎಷ್ಟು ಮುಖ್ಯವೋ ಆ ಕ್ರಮದಲ್ಲಿ ಬರೆದುಕೊಳ್ಳಲಾಗುತ್ತದೆ. ನಮ್ಮ ಉದಾಹರಣೆಯಲ್ಲಿ: ಪುಸ್ತಕ ಹುಡುಕುವುದು, ಎರವಲು ಪಡೆಯುವುದು, ಹಿಂತಿರುಗಿಸುವುದು, ಊರಿನ ಪಟ್ಟಿ ತೆಗೆಯುವುದು. ಆಮೇಲೆ ಒಂದೊಂದು ಬಳಕೆಯನ್ನೂ ಹಿಡಿದು, ಪತ್ರ ಅದಕ್ಕೆ ಕೊನೆಯವರೆಗೆ ದಾರಿ ಕೊಡುತ್ತದೆಯೇ ಎಂದು ನಡೆದು ನೋಡಬೇಕು. ಸಮಯ ಮುಗಿದರೆ ಬಿಟ್ಟುಹೋಗುವುದು ಕಡಿಮೆ ಮುಖ್ಯವಾದ ಬಳಕೆ ಮಾತ್ರ.

ಮೊದಲ ಬಳಕೆಯೇ ತೊಡಕಿನದು. ಕನ್ನಡ ಪುಸ್ತಕವೊಂದರ ಹೆಸರನ್ನು (ಅ) ವಾಕ್ಯದ ಅನುಮತಿಯಂತೆ ಯಾರೋ ಇಂಗ್ಲಿಷ್ ಲಿಪಿಯಲ್ಲಿ ದಾಖಲಿಸಿದ್ದಾರೆ. ಓದುಗ ಕನ್ನಡದಲ್ಲಿ ಟೈಪು ಮಾಡುತ್ತಾನೆ. ಪುಸ್ತಕ ಕಪಾಟಿನಲ್ಲಿದ್ದರೂ ಸಿಗುವುದಿಲ್ಲ. ‘ಕೊ’ ಎಂಬಲ್ಲಿನ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ‘ೆ’ ಮತ್ತು ‘ೂ’ ಎಂಬ ಎರಡು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಎರಡನ್ನೂ ಸಮಗೊಳಿಸಿಕೊಳ್ಳದ ತಂತ್ರಾಂಶಕ್ಕೆ ಬೇರೆಬೇರೆ. ‘ರಾಜ್‌ಕುಮಾರ್’ ಎಂದು ಬರೆಯುವಾಗ ಜಕಾರದ ಕೆಳಗೆ ಕಕಾರ ಒತ್ತಾಗದಂತೆ ತಡೆಯಲು ಕಣ್ಣಿಗೆ ಕಾಣದ ಸಂಕೇತವೊಂದು ನಡುವೆ ಕುಳಿತಿರುತ್ತದೆ. ಅದನ್ನು ಹಾಕದೆ ಹುಡುಕಿದವನಿಗೆ ಫಲ ಶೂನ್ಯ. (ಇ) ವಾಕ್ಯದ ‘ಹೊಂದಿಕೆ’ ಎಂಬ ಪದ ಈ ಸಂಗತಿಗಳ ಬಗ್ಗೆ ಏನನ್ನೂ ಹೇಳುವುದಿಲ್ಲ.

ಕೊನೆಯ ಬಳಕೆಯಲ್ಲಿ ಈ ಸೀಮೆಯದೇ ಆದ ಸಮಸ್ಯೆ ಎದುರಾಗುತ್ತದೆ. ‘ಅವಲಪಲ್ಲಿ’ ಎಂದು ಒಬ್ಬರು, ‘ಅವಲಪಳ್ಳಿ’ ಎಂದು ಇನ್ನೊಬ್ಬರು ಬರೆಯಬಹುದು; ತಮಿಳು ಬರಹದ ರೂಢಿಯಂತೆ ಪಕಾರ ದ್ವಿತ್ವವಾಗಿ ‘ಅವಲಪ್ಪಳ್ಳಿ’ ಎಂದೂ ಬರಬಹುದು. ಯಂತ್ರ ಇವನ್ನು ಮೂರು ಊರುಗಳಾಗಿ ಹಂಚುತ್ತದೆ. ಹಾಗೆಂದು ಪಕಾರ ಹಕಾರವಾಗುವ ನಿಯಮವನ್ನು ಬಲ್ಲ ಉತ್ಸಾಹಿಯೊಬ್ಬ ಎಲ್ಲವನ್ನೂ ‘ಅವಲಹಳ್ಳಿ’ ಎಂದು ತಿದ್ದಿದರೆ ಇನ್ನೂ ದೊಡ್ಡ ಅನರ್ಥ. ಬೆಂಗಳೂರಿನ ಸುತ್ತ ಆ ಹೆಸರಿನ ಬೇರೆ ಊರುಗಳೇ ಇವೆ. ಪರಿಚಿತ ರೂಪಕ್ಕೆ ಮನಸೋತು ಅಪರಿಚಿತ ಪಾಠವನ್ನು ತಿದ್ದಬಾರದೆಂಬ ಗ್ರಂಥಸಂಪಾದನೆಯ ಎಚ್ಚರ ಇಲ್ಲಿಯೂ ಸಲ್ಲುತ್ತದೆ.

4. ಕೋಡಿನ ಓದು: ಸಾರದಿಂದ ಸಾರಕ್ಕೆ

ಮೇಲಿನ ವಿಧಾನಗಳು ಮುಖ್ಯವಾಗಿ ಅಗತ್ಯಪತ್ರ, ವಿನ್ಯಾಸಪತ್ರಗಳಿಗೆ ಒದಗುವಂಥವು. ಕೋಡನ್ನು ಓದಲು ಇನ್ನೊಂದು ವಿಧಾನವಿದೆ. ರಿಚರ್ಡ್ ಲಿಂಗರ್, ಹಾರ್ಲನ್ ಮಿಲ್ಸ್, ಬರ್ನಾರ್ಡ್ ವಿಟ್ ಇವರು 1979ರ ತಮ್ಮ ಗ್ರಂಥದಲ್ಲಿ ಇದನ್ನು ನಿರೂಪಿಸಿದರು. ಕೋಡಿನ ಅತಿ ಚಿಕ್ಕ ಭಾಗವನ್ನು ಓದಿ, ಅದು ಮಾಡುವ ಕೆಲಸವನ್ನು ಒಂದು ವಾಕ್ಯದಲ್ಲಿ ಬರೆಯಬೇಕು. ಅಂತಹ ಕೆಲವು ವಾಕ್ಯಗಳನ್ನು ಸೇರಿಸಿ ದೊಡ್ಡ ಭಾಗದ ಸಾರವನ್ನು ಬರೆಯಬೇಕು. ಹೀಗೆ ಮೇಲೇರುತ್ತಾ ಇಡೀ ಕೋಡಿನ ತಾತ್ಪರ್ಯವನ್ನು ಕಂಡುಕೊಂಡು, ಕೊನೆಗೆ ಅದನ್ನು ಅಗತ್ಯಪತ್ರದೊಡನೆ ತಾಳೆ ನೋಡಬೇಕು.

ದಂಡದ ಲೆಕ್ಕ ಮಾಡುವ ಕೋಡನ್ನು ಕನ್ನಡದಲ್ಲಿ ಹೀಗೆ ಹೇಳಬಹುದು. ಒಂದು: ಮರಳಿಸಿದ ದಿನಾಂಕದಿಂದ ಕೊಟ್ಟ ದಿನಾಂಕವನ್ನು ಕಳೆದು ಅಂತರವನ್ನು ಕಂಡುಹಿಡಿ. ಎರಡು: ಅಂತರ 15 ಅಥವಾ ಹೆಚ್ಚಾಗಿದ್ದರೆ ಹೆಸರನ್ನು ದಂಡದ ಪಟ್ಟಿಗೆ ಸೇರಿಸು. ಮೂರು: ಪಟ್ಟಿಯಲ್ಲಿರುವವರಿಗೆ ಅಂತರದಿಂದ 15 ಕಳೆದಷ್ಟು ರೂಪಾಯಿ ದಂಡ ಹಾಕು.

ಓದುಗ ಪ್ರಾಮಾಣಿಕವಾಗಿ ಸಾರ ಬರೆದರೆ ಎರಡು ಸಂಗತಿಗಳು ಹೊರಬೀಳುತ್ತವೆ. ಅಂತರ ಸರಿಯಾಗಿ 15 ಇದ್ದವನು ದಂಡದ ಪಟ್ಟಿಯಲ್ಲಿರುತ್ತಾನೆ, ಅವನ ದಂಡ ಸೊನ್ನೆ. ಪುಸ್ತಕವನ್ನು ಮರಳಿಸದೇ ಇರುವವನಿಗೆ ‘ಮರಳಿಸಿದ ದಿನಾಂಕ’ವೇ ಇಲ್ಲದ್ದರಿಂದ ಮೊದಲ ಹೆಜ್ಜೆಯೇ ನಡೆಯುವುದಿಲ್ಲ, ದಂಡಕ್ಕೆ ಎಲ್ಲರಿಗಿಂತ ಹೆಚ್ಚು ಅರ್ಹನಾದವನು ಪಟ್ಟಿಯಿಂದ ಪಾರಾಗುತ್ತಾನೆ. ‘ಇದು ದಂಡದ ಲೆಕ್ಕ’ ಎಂಬ ಶೀರ್ಷಿಕೆಯನ್ನು ಓದಿ ನಂಬಿದವನಿಗೆ ಇದು ಕಾಣದು. ಮುದ್ರಿತ ಟೀಕೆಯನ್ನು ಬದಿಗಿಟ್ಟು, ಪದ್ಯವನ್ನು ಅನ್ವಯ ಮಾಡಿ ತಾನೇ ಭಾವಾರ್ಥ ಬರೆದು, ಆಮೇಲೆ ಟೀಕೆಯೊಡನೆ ಹೋಲಿಸುವ ವಿದ್ಯಾರ್ಥಿಗೆ ಈ ಶಿಸ್ತು ಪರಿಚಿತ.

5. ಪ್ರಯೋಗಗಳು ಹೇಳುವುದು

ಯಾವ ವಿಧಾನ ಮೇಲು ಎಂಬುದನ್ನು ಬರಿಯ ತರ್ಕಕ್ಕೆ ಬಿಡದೆ ಪ್ರಯೋಗಗಳಿಂದ ಅರಿಯುವ ಯತ್ನಗಳು ನಡೆದಿವೆ. 1987ರಲ್ಲಿ ವಿಕ್ಟರ್ ಬೆಸಿಲಿ ಮತ್ತು ರಿಚರ್ಡ್ ಸೆಲ್ಬಿ ಪ್ರಕಟಿಸಿದ ಅಧ್ಯಯನದಲ್ಲಿ 32 ಮಂದಿ ವೃತ್ತಿನಿರತರು ಮತ್ತು 42 ಮಂದಿ ವಿದ್ಯಾರ್ಥಿಗಳು ಭಾಗವಹಿಸಿದ್ದರು. ಕೋಡನ್ನು ಓಡಿಸಿ ಪರೀಕ್ಷಿಸುವ ಎರಡು ವಿಧಾನಗಳಿಗಿಂತ ಸಾರ ಬರೆಯುತ್ತ ಓದುವ ವಿಧಾನದಿಂದ ವೃತ್ತಿನಿರತರು ಹೆಚ್ಚು ದೋಷಗಳನ್ನು ಕಂಡುಹಿಡಿದರು. ಯಂತ್ರದ ಯುಗದಲ್ಲಿಯೂ ಕಣ್ಣು ಮತ್ತು ಲೇಖನಿಯ ಬೆಲೆ ಇಳಿದಿಲ್ಲವೆಂಬುದಕ್ಕೆ ಇದು ಸಾಕ್ಷಿ.

1995ರಲ್ಲಿ ಆಡಂ ಪೋರ್ಟರ್, ಲಾರೆನ್ಸ್ ವೊಟ್ಟಾ ಮತ್ತು ಬೆಸಿಲಿ ಅವರು 48 ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಮೂವರಂತೆ 16 ತಂಡಗಳಾಗಿ ಮಾಡಿ, ಅಗತ್ಯಪತ್ರಗಳನ್ನು ಓದಿಸಿದ ಪ್ರಯೋಗದ ಫಲವನ್ನು ಪ್ರಕಟಿಸಿದರು. ಒಬ್ಬೊಬ್ಬ ಓದುಗನಿಗೆ ಒಂದೊಂದು ಬಗೆಯ ದೋಷವನ್ನು ಹುಡುಕುವ ನಿರ್ದಿಷ್ಟ ಕಾರ್ಯಕ್ರಮ ಕೊಟ್ಟ ತಂಡಗಳು ಮೇಲುಗೈ ಸಾಧಿಸಿದವು. ಚೆಕ್‌ಲಿಸ್ಟ್ ಹಿಡಿದವರು ನಿಯಮವಿಲ್ಲದೆ ಓದಿದವರಿಗಿಂತ ಉತ್ತಮರೆನಿಸಲಿಲ್ಲ. ಒಂದು ಬಗೆಯ ದೋಷಕ್ಕಾಗಿ ಓದುತ್ತಿದ್ದವರು ಉಳಿದ ಬಗೆಯ ದೋಷಗಳಿಗೆ ಕುರುಡರಾಗಲಿಲ್ಲ ಎಂಬುದೂ ತಿಳಿದುಬಂತು.

ದೃಷ್ಟಿಕೋನದ ಓದನ್ನು ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾದ ಗೊಡ್ಡಾರ್ಡ್ ಕೇಂದ್ರದ ವೃತ್ತಿನಿರತರೊಡನೆ ಪರೀಕ್ಷಿಸಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಸಾಮಾನ್ಯ ವಿಷಯದ ಪತ್ರಗಳಲ್ಲಿ ಅದರ ಲಾಭ ಸ್ಪಷ್ಟವಾಗಿ ಕಂಡಿತು. ಅವರದೇ ಕ್ಷೇತ್ರದ ಪತ್ರಗಳಲ್ಲಿ ಅಷ್ಟು ಸ್ಪಷ್ಟವಾಗಿರಲಿಲ್ಲ. ಪರಿಚಿತ ಪಠ್ಯ ಕೈಗೆ ಬಂದಾಗ ಓದುಗರು ತಮ್ಮ ಹಳೆಯ ರೂಢಿಗೆ ಮರಳಿರಬಹುದೆಂಬುದು ಒಂದು ವಿವರಣೆ. 2003ರಲ್ಲಿ ಥಾಮಸ್ ಥೆಲಿನ್, ಪೆರ್ ರೂನೆಸನ್, ಕ್ಲಾಸ್ ವೋಲಿನ್ ಎಂಬ ಸ್ವೀಡನ್ನಿನ ಸಂಶೋಧಕರು ಬಳಕೆಯ ಓದನ್ನು ಚೆಕ್‌ಲಿಸ್ಟ್ ಓದಿನೊಡನೆ ಹೋಲಿಸಿದರು. ಬಳಕೆದಾರನಿಗೆ ಹೆಚ್ಚು ಬಾಧಕವಾಗುವ ದೋಷಗಳನ್ನು ಹಿಡಿಯುವುದರಲ್ಲಿ ಬಳಕೆಯ ಓದು ಮುಂದಿತ್ತು.

ಈ ಫಲಿತಾಂಶಗಳನ್ನು ಸೂತ್ರವಾಕ್ಯಗಳಂತೆ ಉರುಹೊಡೆಯಬಾರದು. ಇವುಗಳಲ್ಲಿ ಹಲವು ವಿದ್ಯಾರ್ಥಿಗಳ ಮೇಲೆ, ಚಿಕ್ಕ ಪತ್ರಗಳನ್ನಿಟ್ಟುಕೊಂಡು ನಡೆದ ಪ್ರಯೋಗಗಳು; ಬೇರೆಡೆ ಪುನರಾವರ್ತಿಸಿದಾಗ ಫಲ ಎಲ್ಲೆಡೆ ಒಂದೇ ಆಗಿರಲಿಲ್ಲ. ಆದರೂ ಇವುಗಳ ನಡುವೆ ಒಂದು ಎಳೆ ಹರಿದಿದೆ. ಓದುಗನಿಗೆ ಖಚಿತವಾದ ಕೆಲಸವಿದ್ದಾಗ ಓದು ಹರಿತವಾಗುತ್ತದೆ. ‘ಎಲ್ಲವನ್ನೂ ನೋಡು’ ಎಂದಾಗ ಮಂದವಾಗುತ್ತದೆ.

6. ಆಯ್ಕೆಯ ದಾರಿ

ಹಾಗಾದರೆ ಆಯ್ಕೆ ಹೇಗೆ? ನಾಲ್ಕು ಪ್ರಶ್ನೆಗಳನ್ನು ಕ್ರಮವಾಗಿ ಕೇಳಿಕೊಳ್ಳಬಹುದು.

ಮೊದಲನೆಯದು, ಓದುತ್ತಿರುವುದು ಯಾವ ಬಗೆಯ ಬರಹ? ಪದಗಳ ನಡುವೆ ತೆರವಿಲ್ಲದೆ, ಇಕಾರ ಉಕಾರಗಳ ಹ್ರಸ್ವ ದೀರ್ಘಭೇದವಿಲ್ಲದೆ ಹರಿಯುವ ಮೋಡಿ ಲಿಪಿಯ ಕಡತವನ್ನು ಕೈಗೆತ್ತಿಕೊಂಡವನು, ಅದು ಲೆಕ್ಕಪತ್ರವೋ ಸನದೋ ಖಾಸಗಿ ಪತ್ರವೋ ಎಂದು ಮೊದಲು ನಿರ್ಧರಿಸಿಕೊಂಡರೆ ಮುಂದಿನ ಓದು ಹಗುರವಾಗುತ್ತದೆ. ತಂತ್ರಾಂಶದಲ್ಲಿಯೂ ಹಾಗೆಯೇ: ಅಗತ್ಯಪತ್ರಕ್ಕೆ ದೃಷ್ಟಿಕೋನದ ಓದು, ವಿನ್ಯಾಸಪತ್ರಕ್ಕೆ ಬಳಕೆಯ ಓದು, ಕೋಡಿಗೆ ಸಾರದ ಓದು ಸಾಮಾನ್ಯವಾಗಿ ಒಗ್ಗುತ್ತವೆ.

ಎರಡನೆಯದು, ಯಾವ ತಪ್ಪು ಉಳಿದರೆ ಹೆಚ್ಚು ಹಾನಿ? ದಂಡದಲ್ಲಿ ಒಂದು ರೂಪಾಯಿಯ ವ್ಯತ್ಯಾಸವನ್ನು ಮಾತಿನಲ್ಲಿ ಬಗೆಹರಿಸಬಹುದು. ಹೆಸರು ಕತ್ತರಿಸಿಹೋದ ಸಾವಿರ ದಾಖಲೆಗಳನ್ನು ಮತ್ತೆ ಕೂಡಿಸುವುದು ಸುಲಭವಲ್ಲ. ‘ೞ’ ಅಕ್ಷರದ ಹೆಸರಿನಂತೆ ಕೆಲವನ್ನು ಕೂಡಿಸಲು ಬರುವುದೇ ಇಲ್ಲ. ಸರಿಪಡಿಸಲಾಗದ ತಪ್ಪು ಎಲ್ಲಿ ಅಡಗಿರಬಹುದೋ ಅಲ್ಲಿಗೆ ಮೊದಲ ಓದು ಸಲ್ಲಬೇಕು.

ಮೂರನೆಯದು, ಓದುವವರು ಯಾರು? ಹೊಸಬರಿಗೆ ನಿರ್ದಿಷ್ಟ ಕೆಲಸವಿರುವ ಓದು ಊರುಗೋಲಾಗುತ್ತದೆ. ಅನುಭವಿಗೆ ಅದೇ ಊರುಗೋಲು ತೊಡಕೆನಿಸಬಹುದು. ಆದರೆ ರೂಢಿಯ ಓದು ಕಣ್ಣನ್ನು ಮಬ್ಬಾಗಿಸುವ ಅಪಾಯ ಅವನಿಗೇ ಹೆಚ್ಚು.

ನಾಲ್ಕನೆಯದು, ಎಷ್ಟು ಮಂದಿ ಇದ್ದಾರೆ, ಎಷ್ಟು ಸಮಯವಿದೆ? ಮೂವರಿದ್ದರೆ ಮೂರು ದೃಷ್ಟಿಗಳನ್ನು ಹಂಚಬಹುದು. ಒಬ್ಬನೇ ಇದ್ದು ಸಮಯ ಕಡಿಮೆಯಿದ್ದರೆ, ಮುಖ್ಯ ಬಳಕೆಯಿಂದ ಆರಂಭಿಸುವ ಓದೇ ಸರಿ. ಚೆಕ್‌ಲಿಸ್ಟನ್ನು ಬಿಡಬೇಕಾಗಿಲ್ಲ, ಕೊನೆಯಲ್ಲಿ ಒಮ್ಮೆ ತಾಳೆ ನೋಡಲು ಅದು ಒದಗುತ್ತದೆ. ಕನ್ನಡಕ್ಕೆ ಸಂಬಂಧಿಸಿದ ಪತ್ರವಾದರೆ ಪಟ್ಟಿಯಲ್ಲಿ ಅಕ್ಷರದ ಎಣಿಕೆ, ಅಕಾರಾದಿ ಕ್ರಮ, ಕಾಣದ ಸಂಕೇತ, ಊರು ಮತ್ತು ವ್ಯಕ್ತಿಗಳ ಹೆಸರಿನ ರೂಪಾಂತರ ಎಂಬ ನಾಲ್ಕು ಪ್ರಶ್ನೆಗಳು ಇರಲೇಬೇಕು.

7. ಕನ್ನಡ ಐಚ್ಛಿಕದ ಪಾಲು

ಹೊಸೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯ ಬದಿಯಲ್ಲಿಯೇ ಎಲೆಕ್ಟ್ರಾನಿಕ್ ಸಿಟಿ ಹಬ್ಬಿಕೊಂಡಿದೆ. ಕನ್ನಡವನ್ನು ಐಚ್ಛಿಕವಾಗಿ ಆರಿಸಿಕೊಂಡವರಿಗೆ ಅಲ್ಲಿ ಏನು ಕೆಲಸ ಎಂಬ ಪ್ರಶ್ನೆಯನ್ನು ಈ ಸೀಮೆಯ ವಿದ್ಯಾರ್ಥಿಗಳು ಮನೆಯಲ್ಲಿಯೂ ಬಸ್ಸಿನಲ್ಲಿಯೂ ಕೇಳಿಸಿಕೊಳ್ಳುತ್ತಾರೆ. ಕನ್ನಡ ಓದಿದ ಮಾತ್ರಕ್ಕೆ ಅಲ್ಲಿನ ಬಾಗಿಲು ತೆರೆಯುತ್ತದೆಂದು ಹೇಳಿದರೆ ಅದು ಸುಳ್ಳು ಆಶ್ವಾಸನೆ. ಕೋಡ್ ಬರೆಯಲು ಕೋಡನ್ನು ಕಲಿಯಲೇಬೇಕು. ಆದರೆ ಕನ್ನಡದಲ್ಲಿ ನಡೆಯಬೇಕಾದ ಪ್ರತಿಯೊಂದು ತಂತ್ರಾಂಶದ ಹಿಂದೆ ಒಂದು ಅಗತ್ಯಪತ್ರವಿರುತ್ತದೆ, ಅದರಲ್ಲಿ ‘ಅಕ್ಷರ’, ‘ಕ್ರಮ’, ‘ಹೊಂದಿಕೆ’ ಎಂಬ ಪದಗಳಿರುತ್ತವೆ. ಆ ಪದಗಳ ಮುಂದೆ ನಿಲ್ಲಬಲ್ಲವನು ವರ್ಣ, ಅಕ್ಷರ, ಮಾತ್ರೆಗಳ ಭೇದವನ್ನು ಕಲಿತವನೇ.

ತಮಿಳು, ತೆಲುಗು, ಕನ್ನಡಗಳ ನಡುವೆ ಬೆಳೆದ ಗಡಿನಾಡಿನ ವಿದ್ಯಾರ್ಥಿಗೆ ಇದರಲ್ಲಿ ಇನ್ನೊಂದು ಅನುಕೂಲವಿದೆ. ಒಂದೇ ಭಾಷೆಯಲ್ಲಿ ಬೆಳೆದವನಿಗೆ ತನ್ನ ಲಿಪಿಯ ಕ್ರಮವೇ ಲೋಕದ ಕ್ರಮವೆಂದು ತೋರುತ್ತದೆ. ಮೂರು ಲಿಪಿಗಳ ಫಲಕಗಳನ್ನು ಓದುತ್ತ ಬೆಳೆದವನು, ಒಂದೇ ಊರಿನ ಹೆಸರು ಮೂರು ರೂಪ ತಾಳುವುದನ್ನು ಬಾಲ್ಯದಿಂದಲೇ ಕಂಡಿರುತ್ತಾನೆ. ಅವನ ಸಂಶಯವೇ ಅವನ ವಿದ್ಯೆ. ಅದನ್ನು ಓದಿನ ಶಿಸ್ತಾಗಿ ಬೆಳೆಸಿಕೊಂಡರೆ, ಮುಂದೊಂದು ಪತ್ರದಲ್ಲಿ ‘ೞ’ಕಾರಕ್ಕೆ ‘ಫಾ’ ಎಂಬ ಹೆಸರು ಬರೆಯಲ್ಪಟ್ಟಾಗ ಅದು ಅಚ್ಚಾಗುವ ಮೊದಲೇ ಅಡ್ಡಗೆರೆ ಎಳೆಯಬಹುದು.

ಅಭ್ಯಾಸ

1. ಮೇಲಿನ ಅಗತ್ಯಪತ್ರವನ್ನು ಮೂವರು ವಿದ್ಯಾರ್ಥಿಗಳು ವಿನ್ಯಾಸಕಾರ, ಪರೀಕ್ಷಕ, ಗ್ರಂಥಪಾಲಕರಾಗಿ ಹಂಚಿಕೊಂಡು ಓದಿ, ಇಲ್ಲಿ ಹೇಳದ ಇನ್ನೂ ಮೂರು ದೋಷಗಳನ್ನು ಗುರುತಿಸಿ.
2. ‘ಸ್ವಾತಂತ್ರ್ಯ’ ಎಂಬ ಪದವನ್ನು ಅಕ್ಷರ, ವರ್ಣ, ಮಾತ್ರೆ ಎಂಬ ಮೂರು ಲೆಕ್ಕಗಳಲ್ಲಿ ಎಣಿಸಿ. ಅನುಸ್ವಾರವನ್ನು ಹೇಗೆ ಎಣಿಸಿದಿರಿ ಎಂಬುದಕ್ಕೆ ಕಾರಣ ಕೊಡಿ.
3. ನಿಮ್ಮ ಊರಿನ ಹೆಸರು ಬಸ್ಸಿನ ಫಲಕ, ಪಡಿತರ ಚೀಟಿ, ಶಾಲೆಯ ದಾಖಲೆಗಳಲ್ಲಿ ಹೇಗಿದೆಯೆಂದು ಪಟ್ಟಿ ಮಾಡಿ. ಅವುಗಳನ್ನು ಒಂದೇ ಊರೆಂದು ಗುರುತಿಸಲು ತಂತ್ರಾಂಶಕ್ಕೆ ಬೇಕಾದ ನಿಯಮವನ್ನು ಎರಡು ವಾಕ್ಯಗಳಲ್ಲಿ ಬರೆದು, ಆ ನಿಯಮ ಯಾವ ಊರಿನ ವಿಷಯದಲ್ಲಿ ಸೋಲಬಹುದೆಂದು ಪರೀಕ್ಷಿಸಿ.
4. ಪಠ್ಯದಲ್ಲಿರುವ ಒಂದು ಹಳಗನ್ನಡ ಪದ್ಯಕ್ಕೆ ಟೀಕೆಯನ್ನು ನೋಡದೆ ಸಾಲುಸಾಲಾಗಿ ಸಾರ ಬರೆದು, ಬಳಿಕ ಟೀಕೆಯೊಡನೆ ಹೋಲಿಸಿ. ವ್ಯತ್ಯಾಸವಿರುವಲ್ಲಿ ಯಾರ ಓದು ಸರಿಯೆಂಬುದನ್ನು ಪದ್ಯದ ಆಧಾರದಿಂದಲೇ ನಿರ್ಣಯಿಸಿ.